ಏಳನೇ ಸ್ಥಾನದ ನಿರ್ಮಲಾ

ದೇವಸಮುದ್ರದ ಹೈಸ್ಕೂಲಿಗೆ ಒಂದು ಬೆಳಿಗ್ಗೆ ರಂಗಕ್ಕ ಬಂದಾಗ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ಎಂಟನೇ ಕ್ಲಾಸಿನ ಸಾಲಿನಲ್ಲಿ ಎಲ್ಲರಿಗಿಂತ ಒಂದು ಗೇಣು ಮೇಲಕ್ಕೆ ನಿಂತಿದ್ದ ನಿರ್ಮಲಾಗೆ ಗೇಟಿನ ಕಡೆಯಿಂದ ಬರುತ್ತಿದ್ದ ಅವ್ವ ಕಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಯಲ್ಲಿ ಕುಡುಗೋಲು ಹಾಗೇ ಇತ್ತು. ಹೊಲಕ್ಕೆ ಹೊರಟವಳು ದಾರಿ ಬದಲಿಸಿ ಇತ್ತ ಬಂದಿದ್ದಾಳೆ ಅಂದಮೇಲೆ ಇವತ್ತು ಯಾರಿಗೋ ಗ್ರಹಚಾರ ಕಾದಿದೆ ಎಂದು ಮಗಳಿಗೆ ಆಗಲೇ ತಿಳಿಯಿತು.

ಹಿಂದಿನ ದಿನ ಮಗಳ ತಲೆಗೆ ನೀರು ಹಾಕುವಾಗ ರಂಗಕ್ಕ ನೋಡಿದ್ದಳು. ತೊಡೆಯ ಮೇಲೆ, ತೋಳಿನ ಮೇಲೆ, ಪಕ್ಕೆಯ ಮೇಲೆ ಕೆಂಪಗೆ ದುಂಡಗೆ ಬಾಸುಂಡೆಗಳು. ಕೇಳಿದ್ದಕ್ಕೆ ಹುಡುಗಿ "ಆಟದಾಗೆ ಆಗಿದ್ದು ಕಣವ್ವ" ಅಂದು ನಕ್ಕಿದ್ದಳು. ಇಷ್ಟು ಬಾಸುಂಡೆ ಎಬ್ಬಿಸುವ ಆಟ ಯಾವುದು ಎಂದು ರಂಗಕ್ಕನಿಗೆ ರಾತ್ರಿಯೆಲ್ಲ ಬಗೆಹರಿದಿರಲಿಲ್ಲ.

"ಮೇಡಮ್ಮೋರೆ, ನನ್ನ ಮಗಳ್ನ ಯಾರು ಹೊಡೆದಿದ್ದು?" ಎಂದು ಅವಳು ಪ್ರಾರ್ಥನೆ ಮುಗಿದ ಕೂಡಲೇ ದೈಹಿಕ ಶಿಕ್ಷಕಿ ಜಗದಾಂಬ ಅವರನ್ನು ಹಿಡಿದುಕೊಂಡಳು.

"ನಾನೇ ಕಣಮ್ಮ" ಅಂದರು ಜಗದಾಂಬ. "ಬಾಲಿನಾಗೆ ಹೊಡೆದಿದ್ದು. ಬನ್ನಿ, ತೋರಿಸ್ತೀನಿ."

ಜಗದಾಂಬ ಚಳ್ಳಕೆರೆಯವರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಕೊರಳಲ್ಲಿ ತಾಳಿಗಿಂತ ಮುಂದೆ ಸೀಟಿ ಕಾಣುವಂತೆ ಓಡಾಡುತ್ತಿದ್ದ ಹೆಂಗಸು. ಕಾಲೇಜಿನಲ್ಲಿದ್ದಾಗ ಹ್ಯಾಂಡ್‌ಬಾಲ್ ಆಡಿ ಯೂನಿವರ್ಸಿಟಿ ತಂಡಕ್ಕೆ ಹೋಗಿದ್ದರು. ದೇವಸಮುದ್ರಕ್ಕೆ ಬಂದ ವರ್ಷವೇ ಆ ಆಟ ಶುರುಮಾಡಿದ್ದರು. ಒಂದೊಂದು ಕಡೆ ಏಳು ಜನ. ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ಓಡಿ, ನೆಗೆದು, ಎದುರು ತಂಡದ ಗೋಲಿಗೆ ಎಸೆಯಬೇಕು. ಗೋಲಿನ ಬಾಯಲ್ಲಿ ಒಬ್ಬಳು ನಿಂತು ಬಂದ ಚೆಂಡನ್ನು ಕೈಯೋ ಕಾಲೋ ಹೊಟ್ಟೆಯೋ ಯಾವುದರಿಂದಲಾದರೂ ತಡೆಯಬೇಕು. ಹುಡುಗಿಯರೆಲ್ಲ ಎಸೆಯುವುದಕ್ಕೆ ಮುಂದು, ತಡೆಯುವುದಕ್ಕೆ ಒಬ್ಬಳೂ ಇಲ್ಲ. ಖೋಖೋದಲ್ಲಿ ಉದ್ದ ಕಾಲು ಮಡಚಿ ಕೂರಲಾರದೆ, ಕಬಡ್ಡಿಯಲ್ಲಿ ಉದ್ದ ಕೈಯನ್ನೇ ಎದುರಾಳಿಗೆ ಹಿಡಿಯಲು ಕೊಟ್ಟು ಬರುತ್ತಿದ್ದ ನಿರ್ಮಲಾಳನ್ನು ಜಗದಾಂಬ ಗೋಲಿಗೆ ನಿಲ್ಲಿಸಿದರು. ಮೊದಲ ಚೆಂಡು ಹೊಟ್ಟೆಗೇ ಬಡಿಯಿತು. ಹುಡುಗಿ ಕುಕ್ಕರಗಾಲಲ್ಲಿ ಕೂತಳು. ಇನ್ನು ಇವಳೂ ಓಡಿಹೋಗುತ್ತಾಳೆ ಎಂದು ಮೇಡಂ ಅಂದುಕೊಳ್ಳುವಷ್ಟರಲ್ಲಿ ಆಕೆ ಮುಖ ಎತ್ತಿ ನಕ್ಕಳು. "ಗೋಲಾಗಲಿಲ್ಲ ಅಲ್ವಾ ಮೇಡಂ?" ಎಂದು ಕೇಳಿದಳು. ಜಗದಾಂಬ ಆ ಮಾತನ್ನು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದಾರೆ.

ರಂಗಕ್ಕನ ಮುಂದೆ ಈಗ ಅದೇ ಪ್ರದರ್ಶನ ಆಯಿತು. ನಿರ್ಮಲಾ ಎರಡು ಕಂಬಗಳ ನಡುವೆ ನಿಂತಳು, ಜಗದಾಂಬ ಎಸೆದರು. ಮೊದಲನೆಯದು ಕೈಗೆ ತಾಗಿ ಆಚೆ ಹೋಯಿತು. ಎರಡನೆಯದು ತೊಡೆಗೆ ಚಟ್ ಎಂದಿತು. ರಂಗಕ್ಕ ಹಲ್ಲು ಕಚ್ಚಿದಳು.

"ಕೈ ಐತಲ್ಲ ನಿಂಗೆ, ಹಿಡ್ಕಳೋದು ಬಿಟ್ಟು ತೊಡೆ ಯಾಕೆ ಒಡ್ತೀಯ?"

"ಹಿಡಿಯೋಕೆ ಟೈಮ್ ಇರಲ್ಲವ್ವ. ಒಳಗೆ ಹೋಗದಿದ್ರೆ ಸಾಕು."

ರಂಗಕ್ಕ ಸ್ವಲ್ಪ ಹೊತ್ತು ಕಂಬಗಳನ್ನೂ ಮಗಳನ್ನೂ ನೋಡಿದಳು. ಆಮೇಲೆ ಕುಡುಗೋಲನ್ನು ಕೆಳಗಿಟ್ಟು ನೆಲದ ಮೇಲೆ ಕೂತಳು. "ಇನ್ನೊಂದ್ ನಾಕು ಎಸೀರಿ ಮೇಡಮ್ಮೋರೆ, ನೋಡಾನ" ಅಂದಳು. ಅವಳು ಹೊಲ ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು.

ತಡೆಯದೆ ಉಳಿದ ಚೆಂಡುಗಳದು ಬೇರೆ ಕಥೆ. ಮೈದಾನದ ಹಿಂದೆಲ್ಲ ಜಾಲಿ ಮುಳ್ಳು. ಒಳಹೊಕ್ಕ ಚೆಂಡು ಹೊರಬರುವಾಗ ಉಸಿರು ಕಳೆದುಕೊಂಡೇ ಬರುತ್ತಿತ್ತು. ಇದನ್ನು ಮನೆಯಲ್ಲಿ ಅಪ್ಪ ದೊಡ್ಡಪಾಲಯ್ಯ ಕೇಳಿಸಿಕೊಂಡ. ಅವನಿಗೆ ಒಂದಷ್ಟು ಕುರಿ, ಮಳೆ ನಂಬಿದ ಶೇಂಗಾದ ಹೊಲ, ರಾಯದುರ್ಗದ ಕಡೆಯ ಕುರಿ ವ್ಯಾಪಾರಿಗಳ ಜೊತೆ ತೆಲುಗಿನಲ್ಲಿ ಚೌಕಾಸಿ ಮಾಡುವಷ್ಟೇ ಮಾತು. ಮಾರನೇ ದಿನ ಕುರಿಗಳನ್ನು ರಾತ್ರಿ ಹೊಲದಲ್ಲಿ ಕೂಡುವ ಹಳೆಯ ಬಲೆಯೊಂದನ್ನು ಹೆಗಲ ಮೇಲೆ ಹೊತ್ತು ತಂದು ಗೋಲಿನ ಕಂಬಗಳಿಗೆ ತಾನೇ ಕಟ್ಟಿದ. ಒಂದು ಗಂಟನ್ನು ಜಗ್ಗಿ ನೋಡಿ, "ಕುರೀನೇ ದಾಟಲ್ಲ, ಚೆಂಡು ದಾಟುತ್ತಾ" ಅಂದು ಹೊರಟುಹೋದ. ಬಲೆಯಿಂದ ಕುರಿಯ ವಾಸನೆ ಹೋಗಲು ಒಂದು ಮಳೆಗಾಲ ಬೇಕಾಯಿತು.

ಹೀಗೆ ಎರಡು ವರ್ಷ ನಡೆಯಿತು. ನಿರ್ಮಲಾ ಒಂಬತ್ತು ಮುಗಿಸುವ ಹೊತ್ತಿಗೆ ಜಗದಾಂಬ ಅವರಿಗೆ ಚಳ್ಳಕೆರೆಗೆ ವರ್ಗವಾಯಿತು. ಹೋಗುವ ಮುಂಚೆ ಅವರು ಮನೆಗೇ ಬಂದು ಮುದ್ದೆ ಉಂಡು ಮಾತೆತ್ತಿದರು. "ಹುಡುಗೀನ ನನ್ ಜೊತೆ ಕಳ್ಸಿ. ಚಳ್ಳಕೆರೇಲಿ ಸರ್ಕಾರಿ ಹಾಸ್ಟೆಲ್ ಐತೆ, ನಾನಿದ್ದೀನಿ. ಇಲ್ಲೇ ಬಿಟ್ರೆ ಇವಳ ಆಟ ಇಲ್ಲಿಗೇ ನಿಲ್ಲುತ್ತೆ."

ದೊಡ್ಡಪಾಲಯ್ಯ ಹೆಂಡತಿಯ ಮುಖ ನೋಡಿದ. ರಂಗಕ್ಕ ಮಗಳ ಮುಖ ನೋಡಿದಳು. ಮಗಳು ತಟ್ಟೆ ನೋಡುತ್ತ ಕೂತಿದ್ದಳು, ಆದರೆ ಕಿವಿ ಎಲ್ಲಿದೆ ಅಂತ ತಾಯಿಗೆ ಗೊತ್ತಾಗದೆ ಇರುತ್ತದೆಯೇ.

"ಹಬ್ಬಕ್ಕೆ ಬರ್ತೀಯೇನೇ?" ಎಂದು ಕೇಳಿದಳು.

"ಬರ್ತೀನವ್ವ."

"ಹಂಗಾದ್ರೆ ಹೋಗು."

ಚಳ್ಳಕೆರೆಯ ಮೈದಾನ ದೇವಸಮುದ್ರದ್ದಕ್ಕಿಂತ ದೊಡ್ಡದು, ಧೂಳು ಮಾತ್ರ ಅದೇ. ಎಣ್ಣೆ ಮಿಲ್ಲುಗಳ ಕಡೆಯಿಂದ ಶೇಂಗಾ ಹಿಂಡಿಯ ವಾಸನೆ ಗಾಳಿಯಲ್ಲಿ ಬರುತ್ತಿತ್ತು. ಬೆಳಗಿನ ಅಭ್ಯಾಸದಲ್ಲಿ ಹೊಟ್ಟೆ ಹಸಿದ ಹುಡುಗಿಯರಿಗೆ ಅದು ದೊಡ್ಡ ಹಿಂಸೆ. ಜಗದಾಂಬ ಇಲ್ಲಿ ಇನ್ನಷ್ಟು ಕಟ್ಟುನಿಟ್ಟಾದರು. ಟೆನಿಸ್ ಚೆಂಡುಗಳನ್ನು ಎರಡು ಕೈಯಲ್ಲಿ ಒಂದರ ಹಿಂದೆ ಒಂದು ಎಸೆಯುವರು. ಕಾಲನ್ನು ಪಕ್ಕಕ್ಕೆ ಸೊಂಟದವರೆಗೆ ಎತ್ತಿಸುವರು. ಸೋಮಾರಿತನ ಕಂಡರೆ ಸೀಟಿ ಊದಿ, ಮೈದಾನದ ಸುತ್ತ ಓಡಿಸುವರು. ನಿರ್ಮಲಾ ಜಿಲ್ಲಾ ತಂಡಕ್ಕೆ ಹೋದಳು, ರಾಜ್ಯ ತಂಡಕ್ಕೆ ಹೋದಳು. ಪಿಯುಸಿಗೆ ಸೇರಿದ ವರ್ಷ ಹದಿನೆಂಟರೊಳಗಿನ ಹುಡುಗಿಯರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಕರ್ನಾಟಕ ಎರಡನೇ ಸುತ್ತಿನಲ್ಲೇ ಸೋತಿತು. ಆ ಸೋತ ಪಂದ್ಯದಲ್ಲೇ ಅವಳು ಆಯ್ಕೆಗಾರರ ಕಣ್ಣಿಗೆ ಬಿದ್ದಳು. ಭಾರತದ ಯುವತಿಯರ ತಂಡದ ಶಿಬಿರಕ್ಕೆ ಕರೆ ಬಂತು, ಲಖನೌಗೆ.

ಶಿಬಿರದಲ್ಲಿ ಅವಳಿಗೆ ಚೆಂಡಿಗಿಂತ ಮಾತು ಕಷ್ಟವಾಯಿತು. ಹೆಚ್ಚಿನ ಹುಡುಗಿಯರು ಹಿಮಾಚಲ, ಹರಿಯಾಣ, ರಾಜಸ್ಥಾನದವರು. ಕೋಚ್ ಹರಿಯಾಣದವರು, ಸಿಟ್ಟು ಬಂದರೆ ಅವರ ಹಿಂದಿ ಹಿಂದಿ ಬಲ್ಲವರಿಗೂ ಅರ್ಥವಾಗುತ್ತಿರಲಿಲ್ಲ. ಮೊದಲ ಎರಡು ದಿನ ನಿರ್ಮಲಾ ತಲೆ ಆಡಿಸುವುದರಲ್ಲೇ ಕಳೆದಳು. ಮೂರನೇ ದಿನ ಊಟದ ಸಾಲಿನಲ್ಲಿ ಮುಂದಿದ್ದ ಹುಡುಗಿ ಬೇಳೆ ನೋಡಿ "ಇದೇಂ ಪಪ್ಪು" ಎಂದು, ಇದೆಂಥ ಬೇಳೆ ಅಂತ, ಗೊಣಗಿದ್ದು ಕಿವಿಗೆ ಬಿತ್ತು. ನಿರ್ಮಲಾಗೆ ಗಡಿಯ ತೆಲುಗು ಹುಟ್ಟಿನಿಂದ ಬಂದದ್ದು. "ನೀಳ್ಳು ಎಕ್ಕುವ" ಅಂದಳು, ನೀರು ಜಾಸ್ತಿ ಅಂತ. ಹುಡುಗಿ ತಟ್ಟೆ ಸಮೇತ ತಿರುಗಿದಳು. ವರಂಗಲ್ಲಿನವಳು. ಅವತ್ತಿನಿಂದ ಇಬ್ಬರೂ ಒಂದೇ ಕೋಣೆ, ಒಂದೇ ಉಪ್ಪಿನಕಾಯಿ ಬಾಟಲಿ.

ಗೋಲ್‌ಕೀಪರ್ ಬರೀ ಚೆಂಡು ತಡೆದರೆ ಸಾಲದು, ಮುಂದೆ ನಿಂತ ರಕ್ಷಣೆಯ ಗೋಡೆಗೆ ಹಿಂದಿನಿಂದ ಕೂಗಿ ಹೇಳುತ್ತಿರಬೇಕು, ಯಾರು ಎತ್ತ ಸರಿಯಬೇಕು ಅಂತ. ಹಿಂದಿಯಲ್ಲಿ ಕೂಗು ಎಂದು ಕೋಚ್ ಹೇಳಿದ್ದರು. ಆದರೆ ಆಟ ಬಿಸಿಯಾದಾಗ ನಾಲಿಗೆ ತನ್ನ ದಾರಿ ಹಿಡಿಯುತ್ತಿತ್ತು. "ಎಡಕ್ಕೆ ಬಾರೇ, ಎಡಕ್ಕೆ! ಒತ್ತು, ಬಿಡಬ್ಯಾಡ!" ಎಂದು ಒಮ್ಮೆ ಕೂಗಿದಾಗ ಇಡೀ ರಕ್ಷಣೆ ನಿಂತಲ್ಲೇ ನಿಂತು ಹಿಂದಕ್ಕೆ ತಿರುಗಿ ನೋಡಿತು. ಆ ಸಂದಿಯಲ್ಲಿ ಗೋಲಾಯಿತು. ಕೋಚ್ ಕೆಂಡವಾದರು. ಹಿಮಾಚಲದ ಹುಡುಗಿ ತಂಡದ ನಾಯಕಿ, ಅಷ್ಟೇನೂ ಮಾತಾಡದವಳು. ಅವಳು ಸಂಜೆ ವರಂಗಲ್ಲಿನವಳನ್ನು ಕರೆದುಕೊಂಡು ಕೋಣೆಗೆ ಬಂದಳು. "ಇವಳ ಹಿಂದಿ ಕಾಯ್ತಾ ಕೂತರೆ ನಮಗೆ ವಯಸ್ಸಾಗುತ್ತೆ. ಇವಳದೇ ನಾಲ್ಕು ಮಾತು ನಾವು ಕಲಿಯೋಣ" ಅಂದಳು, ವರಂಗಲ್ಲಿನವಳು ಅದನ್ನು ತೆಲುಗಿಗೆ ದಾಟಿಸಿದಳು. ಎಡಕ್ಕೆ, ಬಲಕ್ಕೆ, ಒತ್ತು, ಬಿಡು. ಒಂದು ವಾರದಲ್ಲಿ ಇಡೀ ತಂಡಕ್ಕೆ ಬಾಯಿಪಾಠವಾಯಿತು. ಹಿಮಾಚಲದವರ ಬಾಯಲ್ಲಿ 'ಒತ್ತು' ಎನ್ನುವುದು 'ಓತೂ' ಆಗುತ್ತಿತ್ತು. ನಿರ್ಮಲಾ ತಿದ್ದಲು ಹೋಗಿ ಕೈಬಿಟ್ಟಳು.

ಏಷ್ಯಾ ಮಟ್ಟದ ಪಂದ್ಯಾವಳಿ ಕಜಕಿಸ್ತಾನದಲ್ಲಿ. ಹತ್ತು ದೇಶ, ಎರಡು ಗುಂಪು. ನಿರ್ಮಲಾ ತಂಡದ ಎರಡನೇ ಕೀಪರ್. ಅಂದರೆ ಹರಿಯಾಣದ ಮೊದಲನೇ ಕೀಪರಿಗೆ ಏನಾದರೂ ಆದರೆ ಮಾತ್ರ ಕೆಲಸ, ಇಲ್ಲದಿದ್ದರೆ ಬೆಂಚು.

ಒಳಾಂಗಣ ಕ್ರೀಡಾಂಗಣಕ್ಕೆ ಕಾಲಿಟ್ಟಾಗ ನುಣ್ಣನೆಯ ನೆಲದ ಮೇಲೆ ಬೂಟುಗಳು ಕಿರುಗುಡುವ ಸದ್ದೇ ಅವಳಿಗೆ ಹೊಸದು. ಇನ್ನೂ ಹೊಸದು ಚೆಂಡಿನ ಅಂಟು. ಅಲ್ಲಿಯ ಹುಡುಗಿಯರು ಬೆರಳಿಗೆ ಡಬ್ಬಿಯಿಂದ ಒಂದು ಮೇಣ ಹಚ್ಚಿಕೊಳ್ಳುತ್ತಿದ್ದರು, ಜಾಲಿಮರದ ಅಂಟಿನ ಹಾಗೆ. ಚೆಂಡನ್ನು ಮೇಲಿಂದ ಬರೀ ಬೆರಳಲ್ಲಿ ಎತ್ತಿದರೂ ಬೀಳುತ್ತಿರಲಿಲ್ಲ. ಮಣ್ಣಿನ ಮೈದಾನದಲ್ಲಿ ಆಡಿ ಬೆಳೆದ ನಮ್ಮವರಿಗೆ ಅದನ್ನು ಹಚ್ಚಿಕೊಂಡು ಪಾಸ್ ಕೊಡುವುದೇ ಕಷ್ಟ. ಬಿಡಬೇಕಾದಾಗ ಚೆಂಡು ಕೈಬಿಡದು.

ಮೊದಲ ಪಂದ್ಯವೇ ಕೊರಿಯಾ ಜೊತೆ. ಅರ್ಧ ಆಟ ಮುಗಿದಾಗ ಇಪ್ಪತ್ತನಾಲ್ಕು–ಐದು. ಮೊದಲನೇ ಕೀಪರ್ ನೀರಿನ ಬಾಟಲಿ ಹಿಡಿದು ಗೋಡೆ ನೋಡುತ್ತ ಕೂತಿದ್ದಳು. ಕೋಚ್ ನಿರ್ಮಲಾ ಕಡೆ ಬೆರಳು ತೋರಿಸಿದರು. ಕಳೆದುಕೊಳ್ಳಲು ಇನ್ನೇನೂ ಇಲ್ಲದಾಗ ಸಿಕ್ಕ ಅವಕಾಶ ಅದು, ಅಷ್ಟು ಅವಳಿಗೂ ಗೊತ್ತಿತ್ತು.

ಗೋಲುಗಳು ಸುರಿದವು. ಕೆಲವನ್ನು ತಡೆದಳು, ಹೆಚ್ಚಿನವು ಹೋದವು. ನಡುವೆ ಒಮ್ಮೆ ಕೊರಿಯಾದ ಪುಟ್ಟ ಹುಡುಗಿಯೊಬ್ಬಳು ಮೂಲೆಯಿಂದ ಗಾಳಿಗೆ ನೆಗೆದಳು. ನಿರ್ಮಲಾ ಕೈಕಾಲು ಚಾಚಿ ಇಡೀ ಮೂಲೆ ಮುಚ್ಚಿ ನಿಂತಳು, ಚೆಂಡು ಹೋಗಲು ಜಾಗವೇ ಇರಲಿಲ್ಲ. ಆ ಹುಡುಗಿ ಮಣಿಕಟ್ಟು ತಿರುವಿ ಚೆಂಡನ್ನು ಮೆಲ್ಲಗೆ ಪಕ್ಕಕ್ಕೆ ಬಿಟ್ಟಳು. ಅದು ಕೀಪರಿನ ಕಾಲಾಚೆ ನೆಲಕ್ಕೆ ಬಿದ್ದು, ಬುಗುರಿಯಂತೆ ಸುತ್ತಿ, ಅವಳ ಬೆನ್ನ ಹಿಂದಿನಿಂದ ತಿರುಗಿಕೊಂಡು ಗೋಲಿನೊಳಗೆ ಹೋಯಿತು. ನಿರ್ಮಲಾ ತಿರುಗಿ ನೋಡಿದಳು. ನಗು ತಡೆಯಲಾಗಲಿಲ್ಲ.

ಆಟ ಮುಗಿದದ್ದು ನಲವತ್ತನಾಲ್ಕು–ಹನ್ನೆರಡಕ್ಕೆ. ಕೋಚ್ ಮೊದಲು ಕೇಳಿದ್ದೇ ಅದು, ಅಷ್ಟು ಗೋಲು ತಿಂದು ನಗುವುದು ಯಾಕೆ ಅಂತ.

"ಸರ್, ವೋ ಬಾಲ್ ಘೂಮ್ ಗಯೀ" ಅಂದಳು ನಿರ್ಮಲಾ. ಚೆಂಡು ತಿರುಗಿಬಿಟ್ಟಿತು ಅಂತ. ಅದು ಅವಳು ತಪ್ಪಿಲ್ಲದೆ ಆಡಿದ ಮೊದಲ ಹಿಂದಿ ವಾಕ್ಯ.

ಊರಿಗೆ ಫೋನ್ ಮಾಡಿದಾಗ ರಂಗಕ್ಕ ಎತ್ತಿದಳು.

"ಗೆದ್ರೇನೇ?"

"ಇಲ್ಲವ್ವ, ಸೋತ್ವಿ."

"ಎಷ್ಟ್ರಾಗೆ?"

"ಮೂವತ್ತೆರಡು ಗೋಲು."

"ಅವರೇನು ತಿಂತಾರೆ?" ಎಂದು ಕೇಳಿದಳು ರಂಗಕ್ಕ.

"ಅನ್ನ, ಸೊಪ್ಪು, ಏನೇನೋ ತಿಂತಾರೆ. ಅವ್ವ, ಒಬ್ಬಳು ಚೆಂಡು ಎಸೀತಾಳೆ, ಅದು ನೆಲಕ್ಕೆ ಬಿದ್ದು ಹಾವಿನಂಗೆ ತಿರುಗುತ್ತೆ."

"ತಿರುಗಿದ್ರೆ ತಿರುಗ್ಲಿ. ನೀನು ಉಂಡೆಯಾ?"

ಆ ಸಂಜೆ ಹೋಟೆಲಿನ ಉದ್ದನೆಯ ಕಾರಿಡಾರಿನಲ್ಲಿ ನಿರ್ಮಲಾ ಒಂದು ಬಾಗಿಲನ್ನು ಗೋಲು ಮಾಡಿಕೊಂಡು ನಿಂತಳು. ವರಂಗಲ್ಲಿನವಳು ಬೆರಳಿಗೆ ಮೇಣ ಮೆತ್ತಿಕೊಂಡು ಚೆಂಡು ತಿರುಗಿಸುವುದನ್ನು ಪ್ರಯತ್ನಿಸಿದಳು. ಹತ್ತಕ್ಕೆ ಒಂಬತ್ತು ಚೆಂಡು ಎಲ್ಲೆಲ್ಲಿಗೋ ಹೋದವು. ಒಂದು ಮಾತ್ರ ಸರಿಯಾಗಿ ತಿರುಗಿತು. ಕೊನೆಗೆ ಸದ್ದಿಗೆ ಕೋಚ್ ಎದ್ದು ಬಂದರು. ಇಬ್ಬರೂ ಗೋಡೆಗೆ ಅಂಟಿ ನಿಂತರು. ಅವರು ಚೆಂಡು ಕಿತ್ತುಕೊಂಡು, ಮಣಿಕಟ್ಟು ತಿರುವಿ ತಾವೇ ಒಂದು ಎಸೆದರು. ಅದು ಸುತ್ತಿ ಬಾಗಿಲೊಳಗೆ ಹೋಯಿತು. "ಬೆರಳು ನೋಡು, ಚೆಂಡನ್ನಲ್ಲ" ಅಂದರು ನಿರ್ಮಲಾಗೆ. "ಬೆರಳು ಯಾವ ಕಡೆ ಉಜ್ಜುತ್ತೋ ಚೆಂಡು ಆ ಕಡೆಗೇ ತಿರುಗೋದು." ಆಮೇಲೆ ಅರ್ಧ ಗಂಟೆ ಅವರೇ ಎಸೆದರು.

ಮುಂದೆ ಕಜಕಿಸ್ತಾನ ಜೊತೆ ಸೋತರು, ಉಜ್ಬೆಕಿಸ್ತಾನ ಜೊತೆ ಮೂರೇ ಗೋಲಿನಿಂದ ಸೋತರು, ನೇಪಾಳದ ಮೇಲೆ ಗೆದ್ದರು. ಗುಂಪಿನಲ್ಲಿ ನಾಲ್ಕನೆಯವರಾದರು. ಇನ್ನೊಂದು ಗುಂಪಿನ ನಾಲ್ಕನೆಯವರಾದ ಥಾಯ್ಲೆಂಡ್ ಜೊತೆ ಏಳು–ಎಂಟನೇ ಸ್ಥಾನಕ್ಕಾಗಿ ಒಂದು ಪಂದ್ಯ ಉಳಿಯಿತು. ನೋಡಲು ಜನವೇ ಇಲ್ಲ. ಕೆಲಸದವನೊಬ್ಬ ಮೂಲೆಯಲ್ಲಿ ಮೆಟ್ಟಿಲು ಗುಡಿಸುತ್ತಿದ್ದ.

ಅರ್ಧ ಆಟಕ್ಕೆ ಹನ್ನೊಂದು–ಹದಿನೈದು. ಥಾಯ್ ಹುಡುಗಿಯರು ಮೂಲೆಗಳಿಂದ ತಿರುಗುವ ಚೆಂಡನ್ನೇ ಎಸೆಯುತ್ತಿದ್ದರು. ಮೊದಲನೇ ಕೀಪರ್ ತಾನಾಗಿಯೇ ಬಂದು ಕೋಚ್‌ಗೆ ಹೇಳಿದಳು, "ಇವಳನ್ನ ಕಳ್ಸಿ ಸರ್, ಈ ಚೆಂಡು ಇವಳಿಗೆ ಗೊತ್ತು." ಹೇಳಿ ನಿರ್ಮಲಾ ಬೆನ್ನಿಗೊಂದು ಗುದ್ದಿದಳು. ನಿರ್ಮಲಾ ಇವತ್ತಿಗೂ ಆ ಗುದ್ದನ್ನು ನೆನೆಯುತ್ತಾಳೆ.

ಮೊದಲ ಎರಡು ಚೆಂಡು ಒಳಗೆ ಹೋದವು. ಮೂರನೆಯ ಸಲ ಮೂಲೆಯ ಹುಡುಗಿ ನೆಗೆದಾಗ ನಿರ್ಮಲಾ ಅವಳ ಬೆರಳು ನೋಡಿದಳು. ಬೆರಳು ಒಳಗಡೆಗೆ ಉಜ್ಜಿತು. ಇವಳು ಹಿಂದಿನ ಕಾಲನ್ನು ಗೋಲುಗೆರೆಯ ಮೇಲೆ ಚಾಚಿದಳು. ಚೆಂಡು ನೆಲಕ್ಕೆ ಬಿದ್ದು, ಸುತ್ತಿ, ನೇರ ಬಂದು ಅವಳ ಹಿಮ್ಮಡಿಗೆ ಬಡಿದು ನಿಂತಿತು. ಅವಳು ಅದನ್ನೆತ್ತಿ ಅಂಗಣದ ಆ ತುದಿಗೆ ಎಸೆದಳು. ಓಡುತ್ತಿದ್ದ ನಾಯಕಿಯ ಕೈಗೆ ಅದು ಸಿಕ್ಕಿತು, ಗೋಲಾಯಿತು.

ಆಮೇಲೆ ಖಾಲಿ ಕ್ರೀಡಾಂಗಣದಲ್ಲಿ ಕನ್ನಡವೇ ಕೇಳಿತು. ನಿರ್ಮಲಾ "ಬಲಕ್ಕೆ" ಅಂದರೆ ಹಿಮಾಚಲ ಸರಿಯಿತು, "ಎಡಕ್ಕೆ" ಅಂದರೆ ರಾಜಸ್ಥಾನ ಸರಿಯಿತು, ನಾಯಕಿ ತಾನೇ ಮುಂದಿನಿಂದ "ಓತೂ, ಓತೂ" ಎಂದು ಕೂಗತೊಡಗಿದಳು. ಥಾಯ್ ಕೋಚ್ ಇದು ಯಾವ ಭಾಷೆಯೆಂದು ನಮ್ಮ ಬೆಂಚಿನವರನ್ನು ಕೇಳಿದರಂತೆ. ಸಮವಾಯಿತು, ಒಂದು ಮುಂದಾಯಿತು, ಮೂರು ಮುಂದಾಯಿತು. ಇಪ್ಪತ್ತೇಳು–ಇಪ್ಪತ್ತನಾಲ್ಕಕ್ಕೆ ಸೀಟಿ ಊದಿದರು. ಏಳನೇ ಸ್ಥಾನ. ಹುಡುಗಿಯರು ಕುಣಿದ ರೀತಿ ನೋಡಿ ಗುಡಿಸುವವನೂ ಪೊರಕೆ ಗೋಡೆಗೊರಗಿಸಿ ಚಪ್ಪಾಳೆ ತಟ್ಟಿದ.

ನಿರ್ಮಲಾ ರಾಂಪುರದಲ್ಲಿ ಬಸ್ಸು ಬದಲಿಸಿ ದೇವಸಮುದ್ರಕ್ಕೆ ಬಂದಿಳಿದಾಗ ಮೊದಲು ಕಂಡದ್ದು ತನ್ನದೇ ಮುಖ. ಬಸ್‌ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯ ಮೇಲೆ, ಅಂಗಡಿಗಿಂತ ದೊಡ್ಡ ಫ್ಲೆಕ್ಸ್. ಅದರಲ್ಲಿ ಅವಳ ಪಕ್ಕದಲ್ಲೇ ಸೋದರಮಾವ ಮಾರುತೇಶ ಕೈಮುಗಿದು ನಿಂತಿದ್ದ. ಮೇಲೆ ಬರೆದಿತ್ತು: 'ಏಷ್ಯಾ ಚಾಂಪಿಯನ್, ದೇವಸಮುದ್ರದ ಹೆಮ್ಮೆಯ ಕುವರಿ ಕು. ನಿರ್ಮಲಾ ಅವರಿಗೆ ಹಾರ್ದಿಕ ಸ್ವಾಗತ'.

ತನ್ನ ಆ ಅಂಗಡಿಯಿಂದಲೇ ಮಾರುತೇಶ ಹಾರ ಹಿಡಿದು ಓಡಿ ಬಂದ. ನಿರ್ಮಲಾ ಹಾರದೊಳಗಿನಿಂದಲೇ ಕೇಳಿದಳು, "ಮಾವ, ಚಾಂಪಿಯನ್ ಅಂತ ಯಾರು ಹೇಳಿದ್ರು?"

"ಕೊನೇ ಮ್ಯಾಚು ಗೆದ್ರಿ ಅಂತ ನೀನೇ ನಿಮ್ಮವ್ವಂಗೆ ಫೋನಾಗೆ ಹೇಳಿದ್ಯಲ್ಲಮ್ಮ. ಕೊನೇ ಮ್ಯಾಚು ಗೆದ್ದೋರಿಗೆ ತಾನೇ ಕಪ್ಪು?"

"ಅದು ಏಳನೇ ಸ್ಥಾನದ್ದು ಮಾವ."

ಮಾರುತೇಶ ಫ್ಲೆಕ್ಸ್ ನೋಡಿದ, ಅವಳನ್ನು ನೋಡಿದ. "ಏಳನೇದಕ್ಕೂ ಮ್ಯಾಚು ಇಡ್ತಾರಾ?" ಎಂದು ಕೇಳಿದ. ಪಾಪ, ಅವನು ನೋಡಿದ ಕ್ರಿಕೆಟ್ಟಿನಲ್ಲೆಲ್ಲ ಕೊನೆಯ ಪಂದ್ಯ ಅಂದರೆ ಫೈನಲ್ಲೇ. ಸಂಜೆ ಶಾಲೆಯ ಮೈದಾನದಲ್ಲಿ ಸನ್ಮಾನ ಬೇರೆ ಇಟ್ಟಿದ್ದ. ಮೊಳಕಾಲ್ಮೂರಿನಿಂದ ರೇಷ್ಮೆ ಸೀರೆ ತರಿಸಿದ್ದ, ಮೈಕು ಕಟ್ಟಿಸಿದ್ದ. ತಲೆ ಕೆರೆದುಕೊಂಡು, "ಹೋಗ್ಲಿ ಬಿಡು, ಊರೋರಿಗೇನು ಗೊತ್ತಾಗುತ್ತೆ. ನೀನು ಸುಮ್ನಿರು" ಅಂದ.

ಆ ಮಧ್ಯಾಹ್ನ ನಿರ್ಮಲಾಗೆ ಅವ್ವ ಮಾಡಿದ ಊಟವೂ ರುಚಿಸಲಿಲ್ಲ. ಏಳನೇ ಸ್ಥಾನ ಎಂದು ಅವಳು ಲಖನೌದಲ್ಲಿ, ಬೆಂಗಳೂರಿನಲ್ಲಿ, ರೈಲಿನಲ್ಲಿ ಸಿಕ್ಕವರಿಗೆಲ್ಲ ಸಂತೋಷದಿಂದ ಹೇಳಿಕೊಂಡು ಬಂದಿದ್ದಳು. ತನ್ನ ಊರಿನಲ್ಲಿ ಅದೇ ಮಾತು ಬಾಯಿ ಮುಚ್ಚಿ ಬಚ್ಚಿಡಬೇಕಾದ ವಿಷಯವಾಗಿತ್ತು. "ಏನು ಮಾಡ್ಲವ್ವ?" ಎಂದು ಕೇಳಿದಳು.

"ಗೆದ್ದದ್ದು ನೀನು. ಎಷ್ಟು ಗೆದ್ದೆ ಅಂತ ನೀನೇ ಹೇಳು" ಅಂದಳು ರಂಗಕ್ಕ. "ಮಾರುತೇಶಂದು ನಾನು ನೋಡ್ಕಂತೀನಿ."

ಸಂಜೆ ಜನ ಸೇರಿತ್ತು. ಜಗದಾಂಬ ಚಳ್ಳಕೆರೆಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಭಾಷಣಗಳಲ್ಲಿ ಚಾಂಪಿಯನ್ ಎಂಬ ಮಾತು ಬಂದಾಗಲೆಲ್ಲ ಮಾರುತೇಶ ನೆಲ ನೋಡುತ್ತಿದ್ದ. ಕೊನೆಗೆ ಮೈಕು ನಿರ್ಮಲಾ ಕೈಗೆ ಬಂತು.

"ಎಲ್ಲರಿಗೂ ನಮಸ್ಕಾರ. ನಾವು ಚಾಂಪಿಯನ್ ಅಲ್ಲ. ನಾವು ಏಳನೇದು ಬಂದ್ವಿ" ಅಂದಳು. "ಕೊರಿಯಾದೋರು ನಮ್ಮನ್ನ ಮೂವತ್ತೆರಡು ಗೋಲಿನಾಗೆ ಸೋಲಿಸಿದ್ರು. ಆ ಆಟದಾಗೆ ಇಪ್ಪತ್ತು ಗೋಲು ನಾನು ನಿಂತಿದ್ದಾಗ ಹೋದ್ವು. ಥಾಯ್ಲೆಂಡ್ ಮೇಲೆ ಗೆದ್ವಿ. ಅದು ಏಳನೇ ಸ್ಥಾನಕ್ಕೆ. ಮಾವಂಗೆ ಗೊತ್ತಾಗಲಿಲ್ಲ, ಅವರ ತಪ್ಪಲ್ಲ."

ಹಿಂದಿನ ಸಾಲಿನಿಂದ ಹಿರಿಯ ದುರುಗಣ್ಣ ಎದ್ದ. ಊರ ಪಂಚಾಯ್ತಿಗಳಲ್ಲಿ ಎಲ್ಲರಿಗಿಂತ ಕೊನೆಗೆ ಮಾತಾಡುವ ಮನುಷ್ಯ.

"ಎಷ್ಟು ದೇಶ ಬಂದಿದ್ವಮ್ಮ?"

"ಹತ್ತು, ತಾತ."

ದುರುಗಣ್ಣ ಬೆರಳು ಮಡಚಿದ. "ಹಂಗಾದ್ರೆ ಮೂರು ದೇಶ ನಮ್ಮ ಹುಡುಗಿ ಹಿಂದೆ ನಿಂತಾವೆ." ಸುತ್ತ ಒಮ್ಮೆ ನೋಡಿದ. "ನಮ್ಮೂರಿನ ಹಿಂದೆ ಇದುವರ್ಗೂ ಯಾವ ದೇಶ ನಿಂತಿತ್ತು?"

ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು, ಆಮೇಲೆ ಸೀಟಿ, ಚಪ್ಪಾಳೆ. ಮಾರುತೇಶನ ಬೆನ್ನು ಆಗ ನೆಟ್ಟಗಾಯಿತು. ಕ್ರಿಕೆಟ್ ಆಡುವ ಹುಡುಗರ ಗುಂಪಿನಿಂದ ಒಬ್ಬ, "ಅಷ್ಟು ಗೋಲು ಬಿಟ್ಟಿದ್ದು ಯಾಕಕ್ಕ, ನಾವು ಎಸೆದ್ರೆ ತಡೀತೀಯಾ?" ಎಂದು ಕೆಣಕಿದ. ಜಗದಾಂಬ ಅದನ್ನೇ ಕಾಯುತ್ತಿದ್ದವರಂತೆ ಎದ್ದರು. ಚೀಲದಿಂದ ಚೆಂಡು ತೆಗೆದು ಅವನ ಕೈಗಿಟ್ಟರು.

ಸನ್ಮಾನ ಅಲ್ಲಿಗೆ ಅರ್ಧಕ್ಕೆ ನಿಂತಿತು. ನಿರ್ಮಲಾ ಹಾರ ತೆಗೆದು ಅವ್ವನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು ಗೋಲಿಗೆ ನಿಂತಳು. ಊರ ಹುಡುಗರು ಸಾಲುಗಟ್ಟಿದರು. ವೇಗದ ಬೌಲರ್ ಎಸೆದದ್ದು ಕೈಗೆ ಬಡಿದು ಆಚೆ ಹೋಯಿತು. ಟ್ರ್ಯಾಕ್ಟರ್ ಓಡಿಸುವವನದು ಮೊಣಕಾಲಿಗೆ ಬಡಿದು ಅವನ ಹತ್ತಿರವೇ ವಾಪಸು ಬಂತು. ಒಬ್ಬೊಬ್ಬರು ಸೋತು ಬಂದಾಗಲೂ ಹೆಂಗಸರ ಸಾಲಿನಿಂದ ಕೇಕೆ. ಕೊನೆಗೆ ಮಾರುತೇಶ ಪಂಚೆ ಎತ್ತಿ ಕಟ್ಟಿ ಬಂದ. ಅವನು ಬೀಸಿದ ರಭಸಕ್ಕೆ ಚೆಂಡು ಕೈಯಿಂದ ಜಾರಿ, ಕಲ್ಲಿಗೆ ಬಡಿದು, ಎತ್ತಲೋ ಪುಟಿದು ಗೋಲು ಸೇರಿತು. ನಿರ್ಮಲಾ ನಗುತ್ತ ಕೂತೇಬಿಟ್ಟಳು. ಭಾರತದ ಕೀಪರಿಗೆ ಗೋಲು ಹೊಡೆದ ದೇವಸಮುದ್ರದ ಏಕೈಕ ಗಂಡಸು ಎಂದು ಅವನು ರೀಚಾರ್ಜಿಗೆ ಬಂದವರಿಗೆಲ್ಲ ಇನ್ನೂ ಹೇಳುತ್ತಾನೆ. ಮಾರನೇ ದಿನ ಬೆಳಿಗ್ಗೆ ಅವನೇ ಏಣಿ ಹಾಕಿ 'ಚಾಂಪಿಯನ್' ಅನ್ನುವುದರ ಮೇಲೆ ಬಿಳಿ ಕಾಗದ ಅಂಟಿಸಿ, 'ಏಳನೇ ಸ್ಥಾನ' ಎಂದು ದಪ್ಪಗೆ ಬರೆದ. ಸೀರೆಯನ್ನು ರಂಗಕ್ಕ ಉಟ್ಟಳು.

ಆಮೇಲಿನದು ಅಷ್ಟು ಸಲೀಸಲ್ಲ. ಮರುವರ್ಷಕ್ಕೆ ನಿರ್ಮಲಾಗೆ ಹದಿನೆಂಟು ದಾಟಿತು, ಯುವತಿಯರ ತಂಡಕ್ಕೆ ವಯಸ್ಸು ಮೀರಿತು. ಅದರ ಮೇಲಿನ ತಂಡದ ಶಿಬಿರಕ್ಕೆ ಹೋದಳು, ಅಲ್ಲಿ ಆಯ್ಕೆಯಾಗಲಿಲ್ಲ. ಮುಂದಿನ ವರ್ಷ ಮತ್ತೆ ಹೋದಳು, ಮತ್ತೆ ಆಗಲಿಲ್ಲ. ಎರಡನೇ ಸಲ ಚಳ್ಳಕೆರೆಗೆ ವಾಪಸು ಬಂದಾಗ ಒಂದು ವಾರ ಮೈದಾನದ ಕಡೆ ತಲೆ ಹಾಕಲಿಲ್ಲ. ಎಂಟನೇ ದಿನ ಜಗದಾಂಬ ಮನೆಗೆ ಕರೆಸಿ, "ನನ್ನ ಸಣ್ಣ ಹುಡುಗೀರಿಗೆ ಗೋಲಿಗೆ ನಿಲ್ಲೋದು ಹೇಳಿಕೊಡು, ನನಗೆ ಮಂಡಿ ನೋವು" ಅಂದರು. ಮಂಡಿ ನೋವು ಸುಳ್ಳೋ ನಿಜವೋ ನಿರ್ಮಲಾ ಕೇಳಲಿಲ್ಲ. ಹೇಳಿಕೊಡುತ್ತ ಹೋದಂತೆ ಅದೇ ಕೆಲಸ ಅವಳಿಗೆ ಹಿಡಿಸಿತು. ಡಿಗ್ರಿ ಮುಗಿಸಿ, ಬಿ.ಪಿ.ಎಡ್ ಮಾಡಿ, ಈಗ ಮೊಳಕಾಲ್ಮೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಅತಿಥಿ ದೈಹಿಕ ಶಿಕ್ಷಕಿ. ಯುವತಿಯರ ತಂಡದ ಲೆಕ್ಕವನ್ನು ಅವಳು ಇವತ್ತಿಗೂ ಬಿಟ್ಟಿಲ್ಲ. ಎಲ್ಲಿ ಆಡಿದರೂ ಫೋನಿನಲ್ಲಿ ನೋಡುತ್ತಾಳೆ. ಇತ್ತೀಚೆಗೆ ಕೊರಿಯಾ ಜೊತೆ ಹತ್ತೊಂಬತ್ತು ಗೋಲಿನಿಂದ ಸೋತರು. ಕೂಡಲೇ ವರಂಗಲ್ಲಿಗೆ ಫೋನ್ ಮಾಡಿ, "ಪಂತೊಮ್ಮಿದೇ" ಅಂದಳು. ಹತ್ತೊಂಬತ್ತೇ ಅಂತ. ಆ ಕಡೆಯವಳೂ ಖುಷಿಪಟ್ಟಳು.

ಈ ವರ್ಷ ಜಿಲ್ಲಾ ಮಟ್ಟದ ಪಂದ್ಯಗಳು ಚಳ್ಳಕೆರೆಯಲ್ಲಿ ನಡೆದವು. ಹುಡುಗಿಯರ ಹ್ಯಾಂಡ್‌ಬಾಲ್ ಸೆಮಿಫೈನಲ್ಲಿನಲ್ಲಿ ನಿರ್ಮಲಾಳ ಶಾಲೆ ಒಂದು ಕಡೆ, ಜಗದಾಂಬರ ಶಾಲೆ ಇನ್ನೊಂದು ಕಡೆ. ಆಟಕ್ಕೆ ಮುಂಚೆ ನಿರ್ಮಲಾ ಹೋಗಿ ಕಾಲು ಮುಟ್ಟಿ ನಮಸ್ಕರಿಸಿದಳು.

"ಆಶೀರ್ವಾದ ಮಾಡ್ತೀನಿ, ಗೋಲು ಮಾತ್ರ ಕೊಡಲ್ಲ" ಅಂದರು ಜಗದಾಂಬ.

ಜಗದಾಂಬರ ಹುಡುಗಿಯರು ಅಚ್ಚುಕಟ್ಟಾಗಿ ಆಡಿದರು. ನಿರ್ಮಲಾಳ ಹುಡುಗಿಯರು ಗದ್ದಲ ಮಾಡುತ್ತ, ತಪ್ಪು ಮಾಡುತ್ತ, ಓಡಿ ಓಡಿ ಆಡಿದರು. ಅವರ ಗೋಲಿನಲ್ಲಿದ್ದ ಕುಳ್ಳ ಹುಡುಗಿ ದುರುಗಕ್ಕ ಕೈ ಎಟುಕದ ಕಡೆಗೆಲ್ಲ ಕಾಲು ಕಳಿಸಿದಳು. ಹದಿನಾಲ್ಕು–ಹನ್ನೆರಡಕ್ಕೆ ಆಟ ಮುಗಿಯಿತು, ನಿರ್ಮಲಾಳ ಕಡೆಗೆ. ಜಗದಾಂಬ ಐದು ನಿಮಿಷ ಅಂಗಣದ ಸುಣ್ಣದ ಗೆರೆ ಸರಿ ಇಲ್ಲವೆಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದರು. ಆಮೇಲೆ ಎರಡೂ ತಂಡಗಳನ್ನು ಕರೆದುಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿ ಮಂಡಕ್ಕಿ ಮೆಣಸಿನಕಾಯಿ ಹೇಳಿದರು.

"ಆ ಕುಳ್ಳಿ ಹುಡುಗೀನ ಎಲ್ಲಿಂದ ತಂದೆ?" ಎಂದು ಕೇಳಿದರು, ಬಿಸಿ ಮೆಣಸಿನಕಾಯಿ ಊದುತ್ತ.

"ಯಾರೂ ನಿಲ್ಲಲಿಲ್ಲ ಮೇಡಂ, ಅವಳೇ 'ನಾನು ನಿಂತ್ಕಳ್ಲಾ ಮಿಸ್' ಅಂದ್ಲು."

"ನಾಳೆ ಫೈನಲ್ಲಿಗೆ ಅವಳಿಗೆ ಬಲಗಡೆ ಕೆಳಗೆ ಸ್ವಲ್ಪ ತಿದ್ದು. ಅಲ್ಲಿ ತಡ ಮಾಡ್ತಾಳೆ" ಅಂದರು ಜಗದಾಂಬ. "ಬೆಳಿಗ್ಗೆ ಬೇಗ ಮೈದಾನಕ್ಕೆ ಕರ್ಕೊಂಡು ಬಾ, ನಾನೂ ನಾಕು ಚೆಂಡು ಎಸೀತೀನಿ."

ನಿರ್ಮಲಾ ತಲೆಯಾಡಿಸಿ, ದುರುಗಕ್ಕನ ತಟ್ಟೆಗೆ ಇನ್ನೊಂದು ಮೆಣಸಿನಕಾಯಿ ಹಾಕಿಸಿದಳು.